ದೊಡ್ಡಪ್ಪನಿಗೆ ಕಷಾಯ, ಅತ್ತೆಗೆ ಸೂಜಿ

ಮೂಡಿಗೆರೆ ಕಡೆ ಮಳೆ ಹಿಡೀತು ಅಂದ್ರೆ ಮನೆಗೊಂದು ಕೆಮ್ಮು ಗ್ಯಾರಂಟಿ. ಫ್ಲೂ ಲಸಿಕೆ ಮಾತೆತ್ತಿದ್ದಕ್ಕೆ ದೊಡ್ಡಪ್ಪ, "ನೆಗಡಿಗೂ ಸೂಜಿನಾ? ಕಾಳುಮೆಣಸಿನ ಕಷಾಯ ಸಾಕು ಕಣೋ" ಅಂದ್ರು. ಕೋವಿಡ್ ಲಸಿಕೆಗೆ ಊರಿಗೆ ಮುಂಚೆ ಕ್ಯೂ ನಿಂತವರು ಇವರೇ! ಕೇಳಿದ್ರೆ, "ಆಗ ಜನ ಸಾಯ್ತಿದ್ರು. ಇದು ಬರುತ್ತೆ, ಹೋಗುತ್ತೆ."

ಗಂಟು ಇರೋದೇ ಅಲ್ಲಿ. ವಯಸ್ಸಾದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ, ಉಬ್ಬಸ ಇರೋರಿಗೆ ಫ್ಲೂ ನ್ಯುಮೋನಿಯಾಕ್ಕೆ ತಿರುಗಬಹುದು. ಆದ್ರೆ ಹೆಸರು ಕೇಳಿದ್ರೆ ಹೆದರಿಕೆನೇ ಆಗಲ್ಲ. "ವರ್ಷಾ ವರ್ಷಾ ಯಾಕೆ?" ಅನ್ನೋದು ಮುಂದಿನ ತಕರಾರು. ವೈರಸ್ ಬದಲಾಗ್ತಾನೇ ಇರುತ್ತೆ, ಲಸಿಕೆಗೆ ಯಾವ ತಳಿ ಸೇರಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ 2 ಸಲ ಹೇಳುತ್ತೆ ಅಂದೆ. "ಹಂಗಾದ್ರೆ ಅವರದ್ದೂ ಅಂದಾಜೇ ಅಲ್ವಾ?" ಪೂರ್ತಿ ತಪ್ಪು ಅನ್ನೋಕೂ ಆಗಲ್ಲ, ಬಿಡಿ.

ಅತ್ತೆ ಇದ್ಯಾವುದನ್ನೂ ಕೇಳಲೇ ಇಲ್ಲ. ಮಗಳ ಬಾಣಂತನಕ್ಕೆ ಹೊರಟಿದ್ರು. ಆರು ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಹಾಕಲ್ಲ, ಎತ್ತಿಕೊಳ್ಳೋರು ಹಾಕಿಸ್ಕೊಂಡ್ರೆ ಒಳ್ಳೇದು ಅಂತ ಡಾಕ್ಟರ್ ಹೇಳಿದ್ದಷ್ಟೇ, ಅಲ್ಲೇ ತೋಳು ಚಾಚಿದ್ರಂತೆ. ತನಗೋಸ್ಕರ ಅಂದಿದ್ರೆ ದುಡ್ಡು ದಂಡ ಅಂತಿದ್ರೇನೋ. ಮಕ್ಕಳ ಲಸಿಕೆಯ ಥರ ಇದು ಎಲ್ಲರಿಗೂ ಪುಕ್ಕಟೆ ಸಿಗಲ್ಲ, ರೇಟು ಕೇಳಿ ವಾಪಸ್ ಬರೋರೂ ಇದ್ದಾರೆ.

ದೊಡ್ಡಪ್ಪನ ಹೊಸ ನೆಪ: "ಕಾಫಿ ಕೊಯ್ಲು ಮುಗೀಲಿ, ನೋಡಣ." ಲಸಿಕೆ ಕೆಲಸ ಶುರು ಮಾಡೋಕೇ ಎರಡು ವಾರ ಬೇಕು ಅಂತ ನಾನೂ ಬಿಡದೆ ಕೊರೀತಿದೀನಿ.