ಕೊಡ ಎತ್ತೋರು ಯಾರು?

"ಮನೇಲಿ ಭಾರ ಎತ್ತೋರು ಯಾರು?" ಅಂತ ಡಾಕ್ಟರ್ ಕೇಳಿದ್ದಕ್ಕೆ ಅತ್ತಿಗೆ ನಕ್ಕ ನಗು ನಾಲ್ಕು ದಿನವಾದರೂ ನನ್ನ ಕಿವಿ ಬಿಟ್ಟಿಲ್ಲ. ಅದು ತಮಾಷೆಯ ನಗುವಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಅಣ್ಣ ಮಾತ್ರ ತಮಾಷೆ ಅಂದುಕೊಂಡು ತಾನೂ ನಕ್ಕ.

ಸೋಮವಾರ ಮಡಿಕೇರಿಯ ಮಳೆಯಲ್ಲಿ ಹೊರಟು ಮೈಸೂರಿಗೆ ಹೋಗಿದ್ದೆವು, ಅತ್ತಿಗೆಯ ಹೊಟ್ಟೆ ತೋರಿಸಲು. ಎರಡು ಸಿಸೇರಿಯನ್ ಆದ ಹೊಟ್ಟೆ. ಚಿಕ್ಕವಳಿಗೆ ಹದಿನಾರು ತುಂಬಿದರೂ ಇಳಿದಿಲ್ಲ. ನಮ್ಮ ಕಡೆ ಸೀರೆಯ ನೆರಿಗೆ ಬೆನ್ನ ಹಿಂದೆ ಹೋಗುತ್ತದಲ್ಲ, ಮುಂದೆ ಮರೆಮಾಚಲು ಒಂದು ಮಡಿಕೆಯೂ ಇರುವುದಿಲ್ಲ. ಮೊನ್ನೆ ಮದುವೆಮನೆಯಲ್ಲಿ ಒಬ್ಬಾಕೆ "ಎಷ್ಟು ತಿಂಗಳು?" ಅಂದಳಂತೆ. ಯಾರೆಂದು ನನಗೆ ಗೊತ್ತು. ಆಕೆಯ ನಾಲಿಗೆಗೆ ಇನ್ನೂ ಯಾವ ಆಪರೇಷನ್ನೂ ಬಂದಿಲ್ಲ.

ಡಾಕ್ಟರಮ್ಮ ಅತ್ತಿಗೆಯನ್ನು ಅಂಗಾತ ಮಲಗಿಸಿ, "ತಲೆ ಮಾತ್ರ ಸ್ವಲ್ಪ ಎತ್ತಿ" ಅಂದರು. ಹೊಕ್ಕುಳ ಮೇಲೆ ಬೆರಳು ಅಡ್ಡ ಇಟ್ಟರು. ಮೂರು ಬೆರಳು ಒಳಗಿಳಿದವು, ಕಲಸಿಟ್ಟ ಹಿಟ್ಟಿನೊಳಗೆ ಇಳಿದ ಹಾಗೆ. ಬಸಿರಲ್ಲಿ ಎರಡು ಕಡೆಯ ಸ್ನಾಯು ದೂರ ಸರಿದದ್ದು ಮತ್ತೆ ಕೂಡಿಲ್ಲ. ಹದಿನಾರು ವರ್ಷ "ವಾಕಿಂಗ್ ಮಾಡು, ಅನ್ನ ಬಿಡು" ಎಂದು ಉಪದೇಶ ಮಾಡಿದವರಲ್ಲಿ ನಾನೂ ಒಬ್ಬಳು. ನನಗೆ ತಲೆ ಎತ್ತಲಾಗಲಿಲ್ಲ.

ಇದಕ್ಕೆ 'ಟಮ್ಮಿ ಟಕ್' ಅನ್ನೋ ಆಪರೇಷನ್ ಇದೆ ಅಂತ ಅವರು ಕಾಗದದ ಮೇಲೆ ಗೆರೆ ಎಳೆದರು, ಈ ಸೊಂಟದಿಂದ ಆ ಸೊಂಟದವರೆಗೆ. ಇಷ್ಟು ಉದ್ದ ಕೊಯ್ದು, ಸ್ನಾಯು ಹೊಲಿದು, ಜೋತ ಚರ್ಮ ತೆಗೆದು, ಹೊಕ್ಕುಳಿಗೆ ಹೊಸ ಜಾಗ ಮಾಡುತ್ತಾರೆ. ಗಾಯದ ಗೆರೆ ಮಾಸಲು ಒಂದು ವರ್ಷವೂ ಹಿಡಿಯಬಹುದು, ಪೂರ್ತಿ ಹೋಗುವುದಿಲ್ಲ. ಹೊಕ್ಕುಳ ಕೆಳಗೆ ತಿಂಗಳುಗಟ್ಟಲೆ ಸ್ಪರ್ಶ ತಿಳಿಯದೆ ಇರಬಹುದು. "ಇದು ತೂಕ ಇಳಿಸೋ ಆಪರೇಷನ್ ಅಲ್ಲ ಮೇಡಂ. ತೂಕ ಮೊದಲು ಇಳಿಸಿ, ಕೆಲವು ತಿಂಗಳು ಅಲ್ಲೇ ನಿಲ್ಲಿಸಿ, ಆಮೇಲೆ ಬನ್ನಿ" ಅಂದರು. ಮತ್ತೆ ಮಗು ಬೇಕೇ ಎಂದೂ ಕೇಳಿದರು. ಅತ್ತಿಗೆ ಕೈಮುಗಿದರು.

ಸಕ್ಕರೆ ಕಾಯಿಲೆ ಇದೆಯೇ, ತಲೆನೋವಿಗೆ ಆಸ್ಪಿರಿನ್ ನುಂಗುತ್ತೀರಾ, ಸಿಗರೇಟು? ಸೇದುವವರ ಗಾಯ ಸರಿಯಾಗಿ ಮಾಯುವುದಿಲ್ಲವಂತೆ, ಚರ್ಮವೇ ಸತ್ತುಹೋಗಬಹುದಂತೆ, ಪಕ್ಕದಲ್ಲಿ ಬೇರೆಯವರೂ ಸೇದಬಾರದಂತೆ. ಅಣ್ಣ ಕಿಟಕಿಯ ಕಡೆ ತಿರುಗಿದ. ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು, ಹಾಗಾಗಿ ಬೇಗ ಎದ್ದು, ಬಗ್ಗಿಕೊಂಡಾದರೂ ನಡೆಯಬೇಕು. ಒಳಗಿನ ನೀರು ಹೊರಬರಲು ಹಾಕಿದ ಕೊಳವೆ ತೆಗೆಯುವ ತನಕ ಮೈಸೂರಲ್ಲೇ ಇರುವುದು ವಾಸಿ. ಸುಮಾರು 120 ಕಿಲೋಮೀಟರ್, ಅದೂ ನಮ್ಮ ತಿರುವುಗಳಲ್ಲಿ, ಹೊಲಿದ ಹೊಟ್ಟೆ ಹಿಡಿದು ಬರುವುದು ನೆನೆದೇ ನನಗೆ ಸಂಕಟವಾಯಿತು. ಚಂದಕ್ಕೆ ಮಾಡಿಸಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಇನ್ಶೂರೆನ್ಸೂ ಕೊಡುವುದಿಲ್ಲ.

ಇದೆಲ್ಲ ಅತ್ತಿಗೆ ತಲೆಯಾಡಿಸುತ್ತಾ ಕೇಳಿದರು. ಬೆವರಲಿಲ್ಲ. "ಆರು ವಾರ ಭಾರ ಎತ್ತಬಾರದು. ಮನೇಲಿ ಭಾರ ಎತ್ತೋರು ಯಾರು?" ಅಂದಾಗ ಆ ನಗು.

"ನಾನಿದ್ದೇನಲ್ಲ ಡಾಕ್ಟ್ರೇ" ಅಂದ ಅಣ್ಣ.

ಅಣ್ಣ ಕೆಟ್ಟವನಲ್ಲ. ತೋಟದಲ್ಲಿ ಮೂಟೆ ಎತ್ತುತ್ತಾನೆ. ಮನೆಯೊಳಗೆ ಕಾಲಿಟ್ಟೊಡನೆ ಅವನ ಕೈಗೆ ಏನಾಗುತ್ತದೋ. ಬಚ್ಚಲ ಹಂಡೆಗೆ ನೀರು, ಸೌದೆ, ಗ್ಯಾಸ್ ಸಿಲಿಂಡರು, ಹಂದಿಗೆ ಹಾಕುವ ಬಕೆಟ್ಟು, ನಮ್ಮಮ್ಮನನ್ನು ಮಂಚದಿಂದ ಎಬ್ಬಿಸಿ ಕೂರಿಸುವುದು, ಎಲ್ಲ ಆ ಮೂರು ಬೆರಳಿನ ಬಿರುಕಿದ್ದ ಹೊಟ್ಟೆಯೇ ಎತ್ತಿದ್ದು. ಮಳೆಗಾಲದಲ್ಲಿ ಮಾಡಿಸಿದರೆ ಕರೆಂಟಿಲ್ಲ, ಕಾಫಿ ಕುಯ್ಲಿನಲ್ಲಿ ಮಾಡಿಸಿದರೆ ಆಳುಗಳ ಅಡುಗೆ. ಈ ಮನೆಯ ಕ್ಯಾಲೆಂಡರಿನಲ್ಲಿ ಅವರಿಗೆ ಆರು ವಾರ ಸಿಗುವುದು ಯಾವಾಗ?

ಹುಣಸೂರಿನಲ್ಲಿ ಕಾಫಿಗೆ ನಿಲ್ಲಿಸಿದಾಗ ಅತ್ತಿಗೆಯೇ ಬಾಯಿಬಿಟ್ಟರು. "ಆಪರೇಷನ್ ಆಮೇಲೆ ನೋಡೋಣ. ಆರು ವಾರ ಮಾತ್ರ ನಾಳೆಯಿಂದಲೇ ಶುರು ಮಾಡ್ತೇನೆ. ನೀವು ಎತ್ತಿ ತೋರಿಸಿ."

ನಿನ್ನೆ ಫೋನ್ ಮಾಡಿದೆ.

"ಮರ ಬಿದ್ದು ಕರೆಂಟಿಲ್ಲ ಕಣೇ. ನಿನ್ನಣ್ಣ ಬಾವಿ ಹತ್ರ ಇದ್ದಾರೆ."

"ಎಷ್ಟನೇ ಕೊಡ ಅತ್ತಿಗೆ?"

"ಎರಡನೇದು. ಸೊಂಟ ಹಿಡ್ಕೊಂಡು ನಿಂತಿದ್ದಾರೆ."