ಹೊಟ್ಟೆಕಿಚ್ಚು ಇಲ್ವಾ ಅಂದರೆ, ಇದೆ

ಕಾರವಾರದ ಕಡಲದಂಡೆಯಲ್ಲಿ ನಾನೂ ನನ್ನ ಗೆಳೆಯನೂ ಪಕ್ಕಪಕ್ಕ ಕೂತು ಚಿತ್ರ ಬರೆಯುವುದನ್ನು ಕಂಡವರೆಲ್ಲ ಕೇಳುವುದು ಒಂದೇ: "ಇಬ್ಬರೂ ಅದೇ ಗುಡ್ಡ, ಅದೇ ನೀರು ಬರೀತೀರಿ. ಒಬ್ಬರ ಮೇಲೊಬ್ಬರಿಗೆ ಹೊಟ್ಟೆಕಿಚ್ಚು ಇಲ್ವಾ?"

ಇದೆ. ಸುಳ್ಳು ಯಾಕೆ ಹೇಳಲಿ? ಸದಾಶಿವಗಡದ ಗುಡ್ಡವನ್ನು ನಾಲ್ಕು ಗೀಟಿನಲ್ಲಿ ಮುಗಿಸಿ ಅವನು ಚಹಾಕ್ಕೆ ಎದ್ದಾಗ ನನಗೆ ಉರಿಯುತ್ತದೆ. ನಾನಿನ್ನೂ ಪೆನ್ಸಿಲ್ ಹಿಡಿದು ಅಳಿಸುತ್ತಾ ಕೂತಿರುತ್ತೇನೆ.

ಒಂದು ಮಳೆಗಾಲ, ಕಾಳಿ ನದಿ ಕಡಲು ಸೇರುವ ಜಾಗ ಬರೆದು ಅವನಿಗೆ ತೋರಿಸಿದೆ. "ಎಂತ ಮಾರಾಯಾ, ನೀಲಿ ಸೀರೆ ಒಣಗ್ಲಿಕ್ಕೆ ಹಾಕಿದ್ಯಾ?" ಅಂದ. ಮೂರು ವಾರ ಮಾತು ಬಿಟ್ಟೆ. ಆಮೇಲೆ ಒಂದು ದಿನ ಸೇತುವೆ ದಾಟುವಾಗ ಕೆಳಗೆ ನೋಡುತ್ತೇನೆ, ನೀಲಿ ಎಲ್ಲಿದೆ? ಘಟ್ಟದ ಮಣ್ಣು ಹೊತ್ತು ತಂದ ಕೆಂಪು ನೀರು. ಆ ಚಿತ್ರವನ್ನು ಮನೆಗೆ ಬಂದವರೆಲ್ಲ ಚಂದ ಉಂಟು ಅಂದಿದ್ದರು. ಅವರಿಗೆ ನೀರಿನ ಚಿಂತೆ ಇರಲಿಲ್ಲ. ಅದೇ ನೀರಿನ ಜೊತೆ ಗುದ್ದಾಡುವವನಿಗೆ ಮಾತ್ರ ಅದು ಕಂಡಿತು.

ದೊಡ್ಡ ಚಿತ್ರಕಾರರೂ ಹೀಗೇ ಇದ್ದರು. ಪ್ಯಾರಿಸ್ಸಿನ ಮಾನೆ ಮತ್ತು ದೆಗಾ ಗೆಳೆಯರು. 1860ರ ದಶಕದ ಕೊನೆಗೆ ಮಾನೆ ಮತ್ತು ಅವನ ಹೆಂಡತಿಯ ಚಿತ್ರವನ್ನು ದೆಗಾ ಬರೆದುಕೊಟ್ಟ. ಆಕೆ ಪಿಯಾನೋ ನುಡಿಸುತ್ತಿದ್ದಾಳೆ, ಮಾನೆ ಸೋಫಾದ ಮೇಲೆ ಸುಮ್ನೆ ಬಿದ್ದುಕೊಂಡಿದ್ದಾನೆ. ಹೆಂಡತಿಯ ಮುಖ ಸರಿ ಬಂದಿಲ್ಲ ಅಂತಲೋ ಏನೋ, ಮಾನೆ ಆ ಭಾಗವನ್ನೇ ಕತ್ತರಿಸಿಬಿಟ್ಟ! ದೆಗಾ ಸಿಟ್ಟಿನಲ್ಲಿ ತನ್ನ ಚಿತ್ರವನ್ನು ಎತ್ತಿಕೊಂಡು ಬಂದ. ಮಾನೆ ಕೊಟ್ಟಿದ್ದ ಚಿತ್ರವನ್ನೂ ವಾಪಸ್ ಕಳಿಸಿದ. ಕತ್ತರಿಸಿದ ಕಡೆ ಖಾಲಿ ಕ್ಯಾನ್ವಾಸ್ ಸೇರಿಸಿಟ್ಟ, ಮತ್ತೆ ಬರೆಯೋಣ ಅಂತ. ಬರೆಯಲೇ ಇಲ್ಲ.

ಸಿಟ್ಟು ಬಹಳ ದಿನ ಉಳಿಯಲಿಲ್ಲ. 1883ರಲ್ಲಿ ಮಾನೆ ತೀರಿಕೊಂಡ. ಮೆಕ್ಸಿಕೋದ ದೊರೆ ಮ್ಯಾಕ್ಸಿಮಿಲಿಯನ್‌ನನ್ನು ಗುಂಡಿಟ್ಟು ಕೊಂದದ್ದರ ಮೇಲೆ ಅವನು ಬರೆದ ದೊಡ್ಡ ಚಿತ್ರವೊಂದು ಆಮೇಲೆ ತುಂಡು ತುಂಡಾಗಿ ಮಾರಾಟವಾಯಿತು. ಆ ತುಂಡುಗಳನ್ನು ಹುಡುಕಿ ತಂದು, ಒಂದೇ ಕ್ಯಾನ್ವಾಸಿನ ಮೇಲೆ ಕೂರಿಸಿದವನು ಯಾರು? ದೆಗಾ. ಸಿಗದ ತುಂಡುಗಳ ಜಾಗ ಇವತ್ತಿಗೂ ಖಾಲಿ ಇದೆ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ. ಇದನ್ನು ಸ್ನೇಹ ಅನ್ನಬೇಕೋ, ಜಿದ್ದು ಅನ್ನಬೇಕೋ? ನನಗಂತೂ ಬೇರೆ ಬೇರೆ ಮಾಡಲು ಬರುವುದಿಲ್ಲ.

ಪಿಕಾಸೊ, ಮಾತಿಸ್ ಕಥೆ ಇನ್ನೂ ತಮಾಷೆಯದು. 1907ರಲ್ಲಿ ಇಬ್ಬರೂ ಚಿತ್ರ ಅದಲುಬದಲು ಮಾಡಿಕೊಂಡರು. ಒಬ್ಬೊಬ್ಬರೂ ಇನ್ನೊಬ್ಬರ ಸಪ್ಪೆ ಚಿತ್ರವನ್ನೇ ಬೇಕಂತಲೇ ಆರಿಸಿದರು ಅಂತ ಇಬ್ಬರನ್ನೂ ಬಲ್ಲ ಅಮೆರಿಕದ ಲೇಖಕಿ ಗರ್ಟ್ರೂಡ್ ಸ್ಟೈನ್ ಚುಚ್ಚಿದ್ದಾಳೆ. ಮಾತಿಸ್ ತನ್ನ ಮಗಳನ್ನು ಬರೆದ ಆ ಚಿತ್ರವನ್ನು ಪಿಕಾಸೊ ಮಾತ್ರ ಕೊನೆವರೆಗೂ ಬಿಟ್ಟುಕೊಡಲಿಲ್ಲ.

ಅಂದ ಹಾಗೆ, ಕೆಂಪು ನೀರಿನ ಕಾಳಿಯನ್ನು ಆಮೇಲೆ ಮತ್ತೆ ಬರೆದೆ. ಚೆನ್ನಾಗಿಯೇ ಬಂತು, ಗೆಳೆಯನಿಗೆ ಕೊಡಲು ಹೋದೆ. ಬೇಡ ಅಂದ. ಆ ನೀಲಿ ಸೀರೆಯನ್ನೇ ಕೇಳಿ ತೆಗೆದುಕೊಂಡು ಹೋದ. ಜಗಲಿಯಲ್ಲಿ ತೂಗುಹಾಕಿ ಬಂದವರಿಗೆಲ್ಲ ತೋರಿಸುತ್ತಾನಂತೆ.