ಬ್ರ್ಯಾಂಡ್ ಆಮೇಲೆ, ಮೊದಲು ಪೈಪು: ಪರದೇಶದಲ್ಲಿ ಒಳ್ಳೆಯ ಡ್ರಾಫ್ಟ್ ಬಿಯರ್ ಹುಡುಕುವುದು

ಹೊಸ ದೇಶದಲ್ಲಿ ನೆಲೆಸಿದವರು ಬಿಯರ್ ವಿಷಯಕ್ಕೆ ಬಂದಾಗ ಮೊದಲು ವಿಚಾರಿಸುವುದು ಇಲ್ಲಿ ಯಾವ ಬ್ರ್ಯಾಂಡ್ ಚೆನ್ನಾಗಿದೆ ಅಂತ. ಡ್ರಾಫ್ಟ್ ಬಿಯರ್ ಬೇಕೆಂದರೆ ವಿಚಾರಿಸಬೇಕಾದ್ದು ಯಾವ ಪಬ್ಬು ಚೆನ್ನಾಗಿದೆ ಅಂತ. ಬಾಟಲಿಯ ರುಚಿ ಬಹುಪಾಲು ಬ್ರೂವರಿಯಲ್ಲೇ ತೀರ್ಮಾನವಾಗಿರುತ್ತದೆ. ಕೆಗ್ಗಿನ, ಅಂದರೆ ಲೋಹದ ಪೀಪಾಯಿಯಿಂದ ನಲ್ಲಿಯ ಮೂಲಕ ಸುರಿಯುವ ಡ್ರಾಫ್ಟ್ ಬಿಯರು ಕೊನೆಗೆ ಹೇಗಿರುತ್ತದೆ ಅನ್ನುವುದು ಪಬ್ಬಿನವರ ಕೈಯಲ್ಲಿದೆ. ಕೆಗ್ ತೆರೆದು ಎಷ್ಟು ದಿನವಾಯಿತು, ಎಷ್ಟು ತಣ್ಣಗಿಟ್ಟಿದ್ದಾರೆ, ಕೆಗ್ಗಿನಿಂದ ನಲ್ಲಿಗೆ ಬರುವ ಪೈಪು ಯಾವಾಗ ತೊಳೆದರು, ಎಲ್ಲವೂ ಗ್ಲಾಸಿನಲ್ಲಿ ಗೊತ್ತಾಗುತ್ತದೆ. ಒಂದೇ ಬ್ರೂವರಿಯ ಒಂದೇ ಲಾಗರ್ (ತಂಪಿನಲ್ಲಿ ಹುದುಗಿಸುವ ಬಿಯರು) ಅಕ್ಕಪಕ್ಕದ ಎರಡು ಪಬ್ಬುಗಳಲ್ಲಿ ಎರಡು ಬೇರೆ ಬಿಯರಿನಂತೆ ಅನಿಸುವುದು ಇದಕ್ಕೇ.

ಊರಲ್ಲಿ ಬ್ರೂವರಿ ಇದ್ದರೆ ಅಲ್ಲಿಂದಲೇ ಶುರುಮಾಡಿ. ಬ್ರೂವರಿಯವರೇ ನಡೆಸುವ ಕೌಂಟರಿನಲ್ಲಿ ಕೆಗ್ ಹೆಚ್ಚು ದೂರ ಪ್ರಯಾಣ ಮಾಡಿರುವುದಿಲ್ಲ, ತಮ್ಮ ಹೆಸರು ಕೆಡಬಾರದೆಂದು ಪೈಪನ್ನೂ ಸಾಮಾನ್ಯವಾಗಿ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆ ಬಿಯರು ಹೇಗಿರಬೇಕು ಅನ್ನುವುದು ನಾಲಿಗೆಗೆ ಅಲ್ಲಿ ಗೊತ್ತಾದರೆ, ಅದನ್ನೇ ಮಾರುವ ಬೇರೆ ಪಬ್ಬುಗಳನ್ನು ಅಳೆಯುವುದು ಸುಲಭ.

ಪಬ್ಬಿನೊಳಗೆ ಮೂವತ್ತು ನಲ್ಲಿಗಳ ಸಾಲು ಕಂಡರೆ ಮರುಳಾಗಬೇಡಿ. 50 ಲೀಟರಿನ ಕೆಗ್ಗಿನಲ್ಲಿ ಅರ್ಧ ಲೀಟರಿನ ಸುಮಾರು 100 ಗ್ಲಾಸು ಇರುತ್ತದೆ. ದಿನಕ್ಕೆ ನಾಲ್ಕೇ ಗ್ಲಾಸು ಹೋಗುವ ನಲ್ಲಿಯ ಹಿಂದೆ ಅದೇ ಕೆಗ್ 25 ದಿನ ಕೂತಿರುತ್ತದೆ. ಪಾಶ್ಚರೀಕರಿಸದ ಬಿಯರಿಗೆ, ಸದಾ ತಣ್ಣಗಿದ್ದರೂ, ತುಂಬಿದ ದಿನದಿಂದ ಒಂದೂವರೆ ಎರಡು ತಿಂಗಳಷ್ಟೇ ಒಳ್ಳೆಯ ಆಯಸ್ಸು. ಪಾಶ್ಚರೀಕರಿಸಿದ್ದಕ್ಕೆ ಮೂರು ನಾಲ್ಕು ತಿಂಗಳು. ಹಾಪ್ ಹೂವಿನ ಪರಿಮಳವೇ ಪ್ರಧಾನವಾದ ಐಪಿಎ ಬಗೆಯ ಬಿಯರು ಅದಕ್ಕಿಂತ ಮೊದಲೇ ಮಂಕಾಗುತ್ತದೆ. ಆದ್ದರಿಂದ ಕೌಂಟರಿನಲ್ಲಿ ಒಂದೇ ಪ್ರಶ್ನೆ ಕೇಳಿ: "ಇಲ್ಲಿ ಎಲ್ಲಕ್ಕಿಂತ ಬೇಗ ಖಾಲಿಯಾಗುವ ಕೆಗ್ ಯಾವುದು?" ಹಡಗಿನಲ್ಲಿ ವಾರಗಟ್ಟಲೆ ಕಳೆದು ಬಂದ ಹೆಸರಾಂತ ಬಿಯರಿಗಿಂತ, ಸ್ಥಳೀಯರು ಸಂಜೆಯೆಲ್ಲ ಕುಡಿಯುವ ಸಾದಾ ಲಾಗರ್ ಹೆಚ್ಚಿನ ಸಲ ಮೇಲಾಗಿರುತ್ತದೆ.

ಇನ್ನು ಪೈಪು. ನನ್ನ ಪ್ರಕಾರ ಒಳ್ಳೆಯ ಬಿಯರು ಅತಿ ಹೆಚ್ಚು ಹಾಳಾಗುವುದು ಇಲ್ಲೇ. ಪೈಪಿನ ಒಳಗೋಡೆಗೆ ಯೀಸ್ಟು, ಬ್ಯಾಕ್ಟೀರಿಯಾ, ಪ್ರೋಟೀನ್ ಸೇರಿ ಲೋಳೆ ಕಟ್ಟುತ್ತದೆ, ಜೊತೆಗೆ ಕ್ಯಾಲ್ಸಿಯಂ ಆಕ್ಸಲೇಟ್ ಗಟ್ಟಿ ಪದರವಾಗಿ ಕೂರುತ್ತದೆ. ಲೋಳೆ ಕರಗಲು ಕಾಸ್ಟಿಕ್ (ತೀಕ್ಷ್ಣ ಕ್ಷಾರ) ಬೇಕು, ಗಟ್ಟಿ ಪದರ ಕರಗಲು ಆಮ್ಲ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಹೇಳುವ ಕ್ರಮ ಇದು: 14 ದಿನಕ್ಕೊಮ್ಮೆ ಸುಮಾರು 2% ಕಾಸ್ಟಿಕ್ ದ್ರಾವಣವನ್ನು ಪಂಪಿನಿಂದ 15 ನಿಮಿಷ ಸುತ್ತಿಸಬೇಕು, ನಲ್ಲಿ ಬಿಚ್ಚಿ ಉಜ್ಜಬೇಕು, ಮೂರು ತಿಂಗಳಿಗೊಮ್ಮೆ ಆಮ್ಲದಲ್ಲಿ ತೊಳೆಯಬೇಕು. ಬ್ರಿಟನ್ನಿನ ಪಬ್ಬುಗಳಲ್ಲಿ ವಾರಕ್ಕೊಮ್ಮೆ ತೊಳೆಯುವುದು ರೂಢಿ. ಇದನ್ನು ತಪ್ಪಿಸಿದರೆ ಬಿಯರಿನಲ್ಲಿ ಬೆಣ್ಣೆಯ ವಾಸನೆ, ಆಮೇಲೆ ಹುಳಿ, ಕೊನೆಗೆ ವಿನೆಗರ್. ತೊಳೆದು ಸರಿಯಾಗಿ ನೀರು ಬಿಡದಿದ್ದರೆ ಔಷಧಿಯಂಥ ವಾಸನೆ ಬರುತ್ತದೆ. ಕೆಲವು ಚೆಕ್ ಲಾಗರ್‌ಗಳಲ್ಲೂ ಬ್ರಿಟಿಷ್ ಏಲ್‌ಗಳಲ್ಲೂ (ಲಾಗರಿಗಿಂತ ಬೆಚ್ಚಗೆ ಹುದುಗಿಸುವ ಬಿಯರು) ತುಸು ಬೆಣ್ಣೆಯ ವಾಸನೆ ಸಹಜವಾಗಿಯೇ ಇರುತ್ತದೆ. ಅನುಮಾನ ಬಂದರೆ ಅದೇ ಬಿಯರಿನ ಬಾಟಲಿ ತೆಗೆದು ಹೋಲಿಸಿ. ಬಾಟಲಿಯಲ್ಲಿ ಇಲ್ಲದ್ದು ಗ್ಲಾಸಿನಲ್ಲಿದ್ದರೆ ಮೊದಲು ಪೈಪನ್ನೇ ಶಂಕಿಸಿ.

ಬಾಗಿಲು ತೆರೆದ ತಕ್ಷಣ ಹೋಗಿ ಮೊದಲ ಗ್ಲಾಸು ಕುಡಿಯುವುದೂ ಬೇಡ. ಒಳವ್ಯಾಸ 9.5 ಮಿ.ಮೀ. ಇರುವ ಪೈಪಿನಲ್ಲಿ ಮೀಟರಿಗೆ ಸುಮಾರು 70 ಮಿ.ಲೀ. ಬಿಯರು ನಿಂತಿರುತ್ತದೆ. ಕೆಗ್ ಇರುವ ನೆಲಮಾಳಿಗೆಯಿಂದ ನಲ್ಲಿ ಹತ್ತು ಮೀಟರ್ ದೂರವಿದ್ದರೆ 700 ಮಿ.ಲೀ. ರಾತ್ರಿಯಿಡೀ ಪ್ಲಾಸ್ಟಿಕ್ಕಿನಲ್ಲಿ ನಿಂತ ಬಿಯರು ಅದು. ಒಳ್ಳೆಯ ಪಬ್ಬಿನವರು ಬೆಳಿಗ್ಗೆ ಅದನ್ನು ಚೆಲ್ಲಿಬಿಡುತ್ತಾರೆ. ಚೆಲ್ಲದವರು ಮೊದಲು ಬಂದವರಿಗೆ ಕೊಡುತ್ತಾರೆ.

ಗ್ಲಾಸಿನಲ್ಲಿ ಬರೀ ನೊರೆ ಬರುತ್ತಿದ್ದರೆ ಹೆಚ್ಚಿನ ಸಲ ಕಾರಣ ಬಿಸಿ. ಸಾಮಾನ್ಯ ಲಾಗರ್ ಕೆಗ್ 3ರಿಂದ 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿದ್ದರೆ ಸುಮಾರು 12 ಪಿಎಸ್‌ಐ ಒತ್ತಡದ ಕಾರ್ಬನ್ ಡೈಆಕ್ಸೈಡ್ ಅದರ ಗ್ಯಾಸನ್ನು ಹಿಡಿದಿಡುತ್ತದೆ. ಕೆಗ್ಗೋ ಪೈಪೋ ಬೆಚ್ಚಗಾದರೆ ಗ್ಯಾಸು ದಾರಿಯಲ್ಲೇ ಬಿಟ್ಟುಕೊಳ್ಳುತ್ತದೆ. ಆಗ ಕೆಲವರು ನೊರೆ ತಗ್ಗಿಸಲು ಒತ್ತಡ ಇಳಿಸುತ್ತಾರೆ. ಒಂದೆರಡು ದಿನ ಕಳೆಯುವಷ್ಟರಲ್ಲಿ ಕೆಗ್ಗಿನ ಬಿಯರೇ ಸಪ್ಪೆಯಾಗುತ್ತದೆ. ಗಿನ್ನೆಸ್‌ನಂಥ ಕಪ್ಪು ಬಿಯರು, ಅಂದರೆ ನೈಟ್ರೋ ಸ್ಟೌಟಿನ ಲೆಕ್ಕ ಬೇರೆ. ಅದಕ್ಕೆ ಬಹುಪಾಲು ನೈಟ್ರೋಜನ್ ಇರುವ ಮಿಶ್ರ ಗ್ಯಾಸು, 30 ಪಿಎಸ್‌ಐಗೂ ಹೆಚ್ಚಿನ ಒತ್ತಡ, ನಲ್ಲಿಯೊಳಗೆ ಸಣ್ಣ ತೂತುಗಳ ಬಿಲ್ಲೆ ಬೇಕು. ಆ ನಲ್ಲಿ ಇಲ್ಲದ ಕಡೆ ಅಂಥ ಸ್ಟೌಟ್ ಕೇಳದಿರುವುದೇ ಲೇಸು.

ಗ್ಲಾಸನ್ನು ಗಮನಿಸಿ. ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಜಿಡ್ಡು ಹೋಗಿಲ್ಲ. ಶುದ್ಧ ಗ್ಲಾಸಿನಲ್ಲಿ ಒಂದೊಂದು ಗುಟುಕಿಗೂ ನೊರೆಯ ಒಂದೊಂದು ಬಳೆ ಉಳಿಯುತ್ತದೆ. ಸುರಿಯುವಾಗ ನಲ್ಲಿಯ ಮೂತಿ ಬಿಯರಿನೊಳಗೆ ಮುಳುಗುತ್ತಿದ್ದರೆ ಅಲ್ಲಿ ಎರಡನೆಯದು ಕೇಳಬೇಡಿ, ಒಂದು ಗ್ಲಾಸಿನದು ಇನ್ನೊಂದಕ್ಕೆ ಹೋಗುತ್ತದೆ. ಫ್ರೀಜರಿನಲ್ಲಿಟ್ಟ ಗ್ಲಾಸು ನೋಡಲು ಚೆಂದ, ಆದರೆ ಹಿಮದ ಕಣಗಳು ನೊರೆ ಎಬ್ಬಿಸುತ್ತವೆ, ನಾಲಿಗೆಯೂ ಮರಗಟ್ಟುತ್ತದೆ.

ದೇಶಕ್ಕೆ ತಕ್ಕಂತೆ ನಿರೀಕ್ಷೆ ಬದಲಾಗಬೇಕು. ಬ್ರಿಟನ್ನಿನಲ್ಲಿ ಹ್ಯಾಂಡ್ ಪಂಪಿನಿಂದ ಬರುವ ಕಾಸ್ಕ್ ಏಲ್ (ಪೀಪಾಯಿಯಲ್ಲೇ ಹುದುಗು ಮುಗಿಸುವ ಏಲ್) 11ರಿಂದ 13 ಡಿಗ್ರಿಯಲ್ಲಿರಬೇಕು, ಗ್ಯಾಸೂ ಕಡಿಮೆ. ಬೆಚ್ಚಗಿದೆ, ಸಪ್ಪೆಯಿದೆ ಎಂದು ದೂರಬೇಡಿ. ಪೀಪಾಯಿಯೊಳಗೆ ಗಾಳಿ ಸೇರುವುದರಿಂದ ತೆರೆದ ಮೇಲೆ ಸುಮಾರು ಮೂರು ದಿನದಲ್ಲಿ ಮುಗಿಯಬೇಕು. ಜನ ಕಡಿಮೆ ಬರುವ ಪಬ್ಬಿನಲ್ಲಿ ಎಂಟು ಹ್ಯಾಂಡ್ ಪಂಪು ಇದ್ದರೆ ಅದು ಎಚ್ಚರಿಕೆಯ ಲಕ್ಷಣ. ಬಾಗಿಲ ಬಳಿ ಕಾಸ್ಕ್ ಮಾರ್ಕ್ ಫಲಕ, ಅಂದರೆ ಕಾಸ್ಕ್ ಏಲಿನ ಗುಣಮಟ್ಟಕ್ಕೆ ಕೊಡುವ ಗುರುತು, ಇದೆಯೇ ನೋಡಿ. ಸಾಂಪ್ರದಾಯಿಕ ಏಲಿನ ಪರವಾಗಿ 1971ರಲ್ಲಿ ಹುಟ್ಟಿದ ಗ್ರಾಹಕರ ಸಂಘಟನೆ ಕಾಮ್ರಾದ ಪಬ್ಬು ಪಟ್ಟಿಯೂ ನಂಬಬಹುದಾದದ್ದು. ಚೆಕ್ ದೇಶದಲ್ಲಿ ಪಾಶ್ಚರೀಕರಿಸದ ಟ್ಯಾಂಕ್ ಬಿಯರು (ಕೆಗ್ಗಿನ ಬದಲು ಪಬ್ಬಿನ ದೊಡ್ಡ ಟ್ಯಾಂಕಿನಲ್ಲಿಡುವ ಬಿಯರು) ಇರುವ ಜಾಗ ಹುಡುಕಿ. ಬೋರ್ಡಿನ ಮೇಲಿನ 10, 12 ಡಿಗ್ರಿ ಅನ್ನುವುದು ಹುದುಗುವ ಮೊದಲು ದ್ರವದಲ್ಲಿದ್ದ ಸಕ್ಕರೆ ಸಾರದ ಅಳತೆ, ಬಿಸಿಯ ಅಳತೆಯಲ್ಲ. 12 ಡಿಗ್ರಿಯದರಲ್ಲಿ ಆಲ್ಕೋಹಾಲ್ ಸುಮಾರು 5%. ಅಲ್ಲಿ ದಪ್ಪ ಒದ್ದೆ ನೊರೆ ಬಿಯರಿನ ಭಾಗ, ಕಡಿಮೆ ಮಾಡಿ ಎನ್ನಬೇಡಿ. ಜರ್ಮನಿಯ ಕಲೋನ್ ನಗರದ ಕೋಲ್ಷ್ ಬಿಯರು 0.2 ಲೀಟರಿನ ಸಣ್ಣ ಗ್ಲಾಸಿನಲ್ಲೇ ಬರುತ್ತದೆ, ಕೊನೆಯ ಗುಟುಕೂ ತಾಜಾ ಇರಲೆಂದು. ಖಾಲಿ ಗ್ಲಾಸಿನ ಮೇಲೆ ಕೋಸ್ಟರ್ ಇಡುವವರೆಗೆ ತರುತ್ತಲೇ ಇರುತ್ತಾರೆ.

ಕೆಟ್ಟದ್ದು ಬಂದರೆ ಎರಡು ಗುಟುಕಿನೊಳಗೆ ವಾಪಸು ಕೊಡಿ. ಅರ್ಧ ಕುಡಿದ ಮೇಲೆ ಯಾರೂ ಕೇಳುವುದಿಲ್ಲ. "ಚೆನ್ನಾಗಿಲ್ಲ" ಅನ್ನುವ ಬದಲು "ವಿನೆಗರಿನ ಹುಳಿ ಇದೆ, ನೀವೂ ಒಮ್ಮೆ ನೋಡ್ತೀರಾ" ಅಂತ ಕೇಳಿ. ಕೆಲಸ ಬಲ್ಲವರು ತಾವೂ ಒಂದು ಗುಟುಕು ನೋಡಿ, ಬೇರೆ ನಲ್ಲಿಯದನ್ನು ಕೊಟ್ಟು, ಆ ಕೆಗ್ಗನ್ನು ಪರೀಕ್ಷಿಸಲು ಹೋಗುತ್ತಾರೆ. ಅಂಥ ಪಬ್ಬಿಗೆ ಮತ್ತೆ ಹೋಗಿ.